ಮಾರ್ಜಾಲದ ಉಪವಾಸ

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಅಣೆಕಟ್ಟಿನಿಂದ ಸಾಗರ, ಹೊಸನಗರ ಸೀಮೆಗಳ ಅನೇಕ ಗ್ರಾಮಗಳು ಶರಾವತಿಯಲ್ಲಿ ಮುಳುಗಿದುವು. ಮನುಷ್ಯರು ಗಂಟುಮೂಟೆ ಕಟ್ಟಿ ಹೊರಟರು. ಬೆಕ್ಕಾದರೋ ಒಡೆಯನಿಗಿಂತ ಮನೆಯನ್ನೇ ಹೆಚ್ಚು ನಚ್ಚುವ ಪ್ರಾಣಿ. ಬರಿದಾದ ಮನೆಯಲ್ಲಿ ಅದು ಬದುಕುವುದೆಂತು? ಇಲಿ, ಕಪ್ಪೆ, ಮಿಡತೆಗಳೇ ಅದರ ಅನ್ನ; ಬೇಟೆಯ ಮಾಂಸದ ತೇವವೇ ಬಹುಮಟ್ಟಿಗೆ ಅದರ ಪಾನ.

ಆದರೆ ಮುಚ್ಚಿದ ಕೋಣೆಯಲ್ಲಿ ಬೇಟೆಯೆಲ್ಲಿಯದು? ನಾಲ್ಕಾರು ದಿನ ನಿರಾಹಾರವಾದರೆ ದೇಹದ ಮೇದಸ್ಸು ಯಕೃತ್ತಿನಲ್ಲಿ ತುಂಬಿ ಕಾಮಾಲೆ ತಗಲಬಹುದು. ಕೊಬ್ಬಿದ ಬೆಕ್ಕಿಗೇ ಈ ಭಯ ಹೆಚ್ಚು. ಆದುದರಿಂದ ವಾಚಕ ಮಹಾಶಯರು ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಗೆ ಹೊರಡುವಾಗ ಅಟ್ಟವನ್ನು ಪರೀಕ್ಷಿಸಿಯೇ ಬೀಗ ಹಾಕತಕ್ಕದ್ದು. ನೆರೆಯವರಿಗೂ ಒಂದು ಮಾತು ತಿಳಿಸತಕ್ಕದ್ದು. ಹಸಿದು ಬಳಲಿದ ಬೆಕ್ಕಿಗೆ ಸ್ವಲ್ಪಸ್ವಲ್ಪವಾಗಿ, ಹಲವು ಸಲ ಉಣಿಸಬೇಕು. ನಮ್ಮ ಧಾನ್ಯವನ್ನು ಕಾದ ಜೀವಕ್ಕೆ ನಾವು ಇಷ್ಟಾದರೂ ಋಣಿಗಳಲ್ಲವೆ?