ಲೋಟಕ್ಕೆ ಅಂಟುವ ಕೋಸ್ಟರ್ ಯಾರಿಗೆ ಬೇಕು?

ಈಗ ನಿಕಾಹ್‌ಗೂ ಗೃಹಪ್ರವೇಶಕ್ಕೂ ಕೋಸ್ಟರ್ ಸೆಟ್ ಉಡುಗೊರೆ ಕೊಡುವುದು ರೂಢಿಯಾಗಿದೆ. ಮಾರ್ಬಲ್, ಗಾಜು, ಮಿಂಚುವ ರೆಸಿನ್ ಎಲ್ಲವೂ ಡಬ್ಬಿಯಲ್ಲಿ ನೋಡಲು ಚೆಂದ. ಆದರೆ ಅದರ ಮೇಲೆ ಐಸ್ ಹಾಕಿದ ಶರಬತ್ತಿನ ಲೋಟ ಇಟ್ಟು ಹತ್ತು ನಿಮಿಷ ಬಿಟ್ಟು ಎತ್ತಿ ನೋಡಿ. ಕೋಸ್ಟರೂ ಲೋಟದ ಜೊತೆಗೇ ಎದ್ದು ಬಂದು, ಅರ್ಧದಲ್ಲಿ ಕಳಚಿ ಬೀಳುತ್ತದೆ. ನಮ್ಮ ಮನೆಯಲ್ಲಿ ಇಫ್ತಾರ್ ಹೊತ್ತಿಗೆ ಹೀಗೆ ಬಿದ್ದ ಕಲ್ಲಿನ ಬಿಲ್ಲೆ ನಾನಿಯ ಕಾಲ್ಬೆರಳಿಗೆ ಪೆಟ್ಟು ಮಾಡಿತು. ಅವರಿಗೆ ಸಕ್ಕರೆ ಕಾಯಿಲೆ ಇದೆ. ಗಾಯ ಮಾಯಲು ಒಂದು ತಿಂಗಳು ಹಿಡಿಯಿತು. ಆದ್ದರಿಂದ ಇದು ಸಣ್ಣ ವಿಷಯ ಎಂದರೆ ನಾನು ಒಪ್ಪುವುದಿಲ್ಲ.

ಅಂಟುವುದಕ್ಕೆ ಕಾರಣ ಸರಳ. ಗಾಳಿಯಲ್ಲಿರುವ ನೀರಾವಿ ತಣ್ಣನೆಯ ಲೋಟಕ್ಕೆ ತಗುಲಿ ಹನಿಯಾಗಿ ಕೆಳಗಿಳಿಯುತ್ತದೆ. ಲೋಟದ ತಳಕ್ಕೂ ಕೋಸ್ಟರ್‌ಗೂ ನಡುವೆ ತೆಳುವಾದ ನೀರಿನ ಪೊರೆ ಹರಡುತ್ತದೆ. ಎರಡೂ ನುಣುಪಾಗಿದ್ದರೆ ನಡುವೆ ಗಾಳಿ ನುಗ್ಗಲು ದಾರಿಯಿಲ್ಲ. ನೀರಿನ ಸೆಳೆತ, ಹೊರಗಿನ ಗಾಳಿಯ ಒತ್ತಡ ಎರಡೂ ಸೇರಿ ಅವನ್ನು ಹಿಡಿದಿಡುತ್ತವೆ. ಅಂದರೆ ನಾವು ಹೆಚ್ಚು ದುಡ್ಡು ಕೊಡುವುದೇ ಅಂಟಿಸುವ ಆ ನುಣುಪಿಗೆ!

ಪರಿಹಾರ ಎರಡೇ: ನೀರನ್ನು ಹೀರಬೇಕು, ಇಲ್ಲವೇ ಗಾಳಿಗೆ ದಾರಿ ಬಿಡಬೇಕು. ದಪ್ಪ ಹತ್ತಿ ನೂಲಿನಲ್ಲಿ ಸಡಿಲವಾಗಿ ಹೆಣೆದ ಕ್ರೋಶಾ ಬಿಲ್ಲೆ ಎರಡನ್ನೂ ಮಾಡುತ್ತದೆ. ತೆಳುವಾದ ಕಾರ್ಕ್ ಹಗುರವಾದ್ದರಿಂದ ಲೋಟದೊಂದಿಗೆ ಏಳುವುದುಂಟು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಬಿಲ್ಲೆಯೂ ನುಣುಪೇ. ಕಡೆಯುವಾಗಲೇ ಅದರ ಮೇಲೆ ನಾಲ್ಕು ಗೀರು ಹಾಕಿದರೆ ಚೆಂದವೂ ಉಳಿದೀತು, ಕೆಲಸಕ್ಕೂ ಬಂದೀತು. ಮನೆಯಲ್ಲಿ ಈಗಾಗಲೇ ನುಣುಪಾದದ್ದು ಇದ್ದರೆ ಲೋಟ ಇಡುವ ಮೊದಲು ಚಿಟಿಕೆ ಉಪ್ಪು ಉದುರಿಸಿ. ಹರಳುಗಳು ಕರಗುವವರೆಗೆ ಲೋಟ ಅಂಟುವುದಿಲ್ಲ.

ಇದನ್ನು ನಮ್ಮ ಕಡೆಯವರು ಮೊದಲೇ ಕಂಡುಕೊಂಡಿದ್ದರು. ನಂಜನಗೂಡು, ಟಿ. ನರಸೀಪುರದ ಹಳ್ಳಿಗಳಲ್ಲಿ ಮಡಕೆಯ ಕೆಳಗೆ ಇಡುವ ಹುಲ್ಲಿನ ಸಿಂಬೆ ಕೋಸ್ಟರ್ ಅಲ್ಲದೆ ಇನ್ನೇನು? ಅದು ನಡುವೆ ಖಾಲಿ, ಸುತ್ತಲೂ ಒರಟು. ಮಡಕೆ ಎತ್ತಿದರೆ ಸಿಂಬೆ ನೆಲದಲ್ಲೇ ಇರುತ್ತದೆ.

ಬಟ್ಟೆಯದಾದರೆ ಚಹಾದ ಕಲೆ ಹಿಡಿಯುತ್ತದೆ ಎಂದು ಗೆಳತಿಯೊಬ್ಬಳು ಹೇಳಿದಳು. ನಿಜ. ಆದರೆ ಕಲೆಯಾದದ್ದನ್ನು ಒಗೆಯಬಹುದು, ಒಡೆದ ಮಾರ್ಬಲನ್ನು ಏನು ಮಾಡುವುದು? ವಸ್ತುವಿಗೆ ಬಯಕೆಯನ್ನು ತೃಪ್ತಿಪಡಿಸುವ ಶಕ್ತಿ ಇರಬೇಕು, ಅದೇ ತುಷ್ಟಿಗುಣ ಎಂದು ಅರ್ಥಶಾಸ್ತ್ರದಲ್ಲಿ ಓದುತ್ತೇವೆ. ಅಂಗಡಿಗೆ ಹೋದಾಗ ಮಾತ್ರ ಬರೀ ಹೊಳಪು ನೋಡುತ್ತೇವೆ.

ನನ್ನದೊಂದು ಸಲಹೆ. ನಮ್ಮ ಕಾಲೇಜಿನ ಕಾರ್ಯಕ್ರಮಗಳಿಗೆ ಬರುವ ಅತಿಥಿಗಳಿಗೆ ಹೊಳೆಯುವ ನೆನಪಿನ ಕಾಣಿಕೆಯ ಬದಲು ಆರು ಕ್ರೋಶಾ ಬಿಲ್ಲೆ ಕೊಡೋಣ. ನಮ್ಮಲ್ಲಿ ಎಷ್ಟೋ ಮಂದಿಯ ಅಮ್ಮಿ, ಖಾಲಾ, ಅಕ್ಕಂದಿರು ಮನೆಯಲ್ಲೇ ಇದನ್ನು ಹೆಣೆಯಬಲ್ಲರು. ಬಂದವರು ‘ಕೈಕೆಲಸ ಚೆನ್ನಾಗಿದೆ’ ಎಂದು ಹೊಗಳಿದರಷ್ಟೇ ಸಾಲದು. ನೂಲಿನ ಬೆಲೆಯ ಜೊತೆಗೆ ಅವರು ಕೂತ ಗಂಟೆಗಳಿಗೂ ಲೆಕ್ಕ ಹಾಕಿ ದುಡ್ಡು ಕೊಡಬೇಕು. ಆ ಲೆಕ್ಕ ಬರೆಯಲು ವಾಣಿಜ್ಯ ವಿಭಾಗದವರಾದ ನಾವು ಸಿದ್ಧ.