ನ್ಯೂಯಾರ್ಕ್ ರಸ್ತೆಯ ಬಿಳಿ ಹೊಗೆ, ಮನೆಯೊಳಗಿನ ಠಣ್ ಠಣ್ ಸದ್ದು: ಅಪಾಯ ಇರುವುದೆಲ್ಲಿ?

ನ್ಯೂಯಾರ್ಕ್‌ನ ಮ್ಯಾನ್‌ಹೋಲ್‌ಗಳಿಂದ ಬಿಳಿ ಹೊಗೆ ಏಳುವ ವಿಡಿಯೊಗಳನ್ನು ನಾವೆಲ್ಲ ನೋಡಿರುತ್ತೇವೆ. ಅದು ವಿಷಾನಿಲವೇ? ಅಲ್ಲ, ಅದು ನೀರಿನ ಹಬೆ. ಮ್ಯಾನ್‌ಹಟನ್‌ನಲ್ಲಿ 1882ರಿಂದಲೂ ನೆಲದಡಿಯ ಕೊಳವೆಗಳ ಮೂಲಕ ಕಟ್ಟಡಗಳಿಗೆ ಹಬೆ ಪೂರೈಕೆಯಾಗುತ್ತಿದೆ. ಕೊಳವೆ ಸೋರಿದಾಗ ಅಥವಾ ಬಿಸಿ ಕೊಳವೆಗೆ ಹೊರಗಿನ ನೀರು ತಾಗಿದಾಗ ಹಬೆ ರಸ್ತೆಗೆ ಬರುತ್ತದೆ.

ಈ ಸಂಪರ್ಕವಿಲ್ಲದ ಅನೇಕ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿ ನೆಲಮಾಳಿಗೆಯ ಬಾಯ್ಲರ್‌ನಲ್ಲೇ ನೀರು ಕುದಿಸುತ್ತಾರೆ. ಹಬೆ ಪೈಪ್‌ನಲ್ಲಿ ಮೇಲೇರಿ ಪ್ರತಿ ಕೋಣೆಯ ಕಬ್ಬಿಣದ ರೇಡಿಯೇಟರ್ ತಲುಪುತ್ತದೆ. ಅಲ್ಲಿ ತಣಿದು ನೀರಾಗುವಾಗ ತನ್ನ ಶಾಖ ಬಿಟ್ಟುಕೊಡುತ್ತದೆ. ಆ ನೀರು ಇಳಿದು ಬಾಯ್ಲರ್‌ಗೆ ಮರಳುತ್ತದೆ.

ರಾತ್ರಿ ಕೇಳುವ ಠಣ್ ಠಣ್ ಸದ್ದು?

ಇಳಿಜಾರು ಸರಿಯಿಲ್ಲದೆ ಪೈಪ್‌ನಲ್ಲಿ ನೀರು ನಿಂತರೆ, ನುಗ್ಗಿ ಬರುವ ಹಬೆ ಅದನ್ನು ತಳ್ಳಿಕೊಂಡು ಹೋಗಿ ತಿರುವಿಗೆ ಅಪ್ಪಳಿಸುತ್ತದೆ. ಸದ್ದು ಅದರದ್ದು. ಒಂದೇ ಪೈಪ್ ಇರುವ ರೇಡಿಯೇಟರ್‌ನ ವಾಲ್ವ್ ಅರ್ಧ ತೆರೆದಿಟ್ಟರೂ ಹೀಗಾಗುತ್ತದೆ: ಹಬೆ ಒಳಬರುತ್ತದೆ, ನೀರು ಹೊರಹೋಗಲಾಗದು. ಆದ್ದರಿಂದ ವಾಲ್ವ್ ಪೂರ್ತಿ ತೆರೆದಿರಬೇಕು, ಇಲ್ಲವೇ ಪೂರ್ತಿ ಮುಚ್ಚಿರಬೇಕು.

ಸದ್ದು ಬಂದ ಮಾತ್ರಕ್ಕೆ ರೇಡಿಯೇಟರ್ ಸಿಡಿಯುತ್ತದೆಯೇ? ಮನೆಯ ವ್ಯವಸ್ಥೆಯಲ್ಲಿ ಒತ್ತಡ ಬಹಳ ಕಡಿಮೆ. ಬೀದಿಯ ದೊಡ್ಡ ಕೊಳವೆಗಳ ಮಾತು ಬೇರೆ. 2007ರ ಜುಲೈನಲ್ಲಿ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಬಳಿ 1924ರ ಕೊಳವೆಯೊಂದು ಇಂಥದೇ ನೀರಿನ ಹೊಡೆತಕ್ಕೆ ಸಿಡಿದು, ಒಬ್ಬರು ಸತ್ತರು.

ಹಾಗಿದ್ದರೆ ಮನೆಯಲ್ಲಿ ಭಯಪಡಬೇಕಾದದ್ದು?

ಸದ್ದಿಗಲ್ಲ, ಸೋರುವ ಹಬೆಗೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಂಡವರಿಗೆ ಇದು ಗೊತ್ತು. ಒಂದು ಗ್ರಾಂ ಕುದಿಯುವ ನೀರು ನಮ್ಮ ಮೈಯ ಬಿಸಿಗೆ ಇಳಿಯುವಾಗ ಸುಮಾರು 63 ಕ್ಯಾಲರಿ ಶಾಖ ಕೊಡುತ್ತದೆ. ಒಂದು ಗ್ರಾಂ ಹಬೆ ಬರೀ ನೀರಾಗುವಾಗಲೇ ಸುಮಾರು 540 ಕ್ಯಾಲರಿ ಕೊಡುತ್ತದೆ. ಕೋಣೆ ಬೆಚ್ಚಗಾಗುವುದೂ ಚರ್ಮ ಸುಡುವುದೂ ಇದೇ ಶಾಖದಿಂದ. 2016ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ರೇಡಿಯೇಟರ್‌ನಿಂದ ಹೊಮ್ಮಿದ ಹಬೆಗೆ ಇಬ್ಬರು ಪುಟ್ಟ ಅಕ್ಕತಂಗಿಯರು ಬಲಿಯಾದರು.

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಅಲ್ಲಿಗೆ ಹೋಗುವವರು ಗಮನಿಸಿ:

• ಮಗುವಿನ ಹಾಸಿಗೆ, ತೊಟ್ಟಿಲು ರೇಡಿಯೇಟರ್‌ನಿಂದ ದೂರವಿರಲಿ.
• ಬಿಸಿಯಿರುವಾಗ ಅದರ ಯಾವ ವಾಲ್ವನ್ನೂ ಕಳಚಬೇಡಿ.
• ಬುಸ್ ಎಂದು ನಿಲ್ಲದೆ ಹಬೆ ಬರುತ್ತಿದ್ದರೆ ಮಕ್ಕಳನ್ನು ಕೋಣೆಯಿಂದ ಹೊರಗೆ ಕರೆತಂದು, ಕಟ್ಟಡ ನೋಡಿಕೊಳ್ಳುವವರಿಗೆ ತಕ್ಷಣ ತಿಳಿಸಿ.

ಹೊಗೆಯ ವಿಡಿಯೊ ಫಾರ್ವರ್ಡ್ ಮಾಡುವಾಗ ಈ ಮೂರು ಸಾಲುಗಳನ್ನೂ ಜೊತೆಗೆ ಕಳಿಸಿ.