ಕಂಕುಳಿನ ಗ್ರಂಥಿಗಳ ಲೆಕ್ಕ ಕೇಳಿ ಪಡೆಯಿರಿ

ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿದಾಗ ನಮ್ಮ ಮನೆಗಳವರು ಕೇಳುವುದು ಒಂದೇ ಮಾತು: "ಗಡ್ಡೆ ಪೂರ್ತಿ ತೆಗೆದರಾ?" ಸಹೋದರ ಸಹೋದರಿಯರೇ, ಇನ್ನೂ ಒಂದು ಪ್ರಶ್ನೆ ಕೇಳಲೇಬೇಕು: "ಕಂಕುಳಿನಿಂದ ಎಷ್ಟು ಗ್ರಂಥಿ ತೆಗೆದಿರಿ? ಅವುಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇತ್ತು?"

ಸ್ತನದಿಂದ ಹೊರಟ ಕ್ಯಾನ್ಸರ್ ಕಣಗಳು ಹೆಚ್ಚಾಗಿ ಮೊದಲು ತಂಗುವುದು ಕಂಕುಳಿನ ದುಗ್ಧರಸ ಗ್ರಂಥಿಗಳಲ್ಲಿ. ವೈದ್ಯರು ಇವನ್ನು ಲಿಂಫ್ ನೋಡ್ ಎನ್ನುತ್ತಾರೆ. ರೋಗ ತಗುಲಿದ ಗ್ರಂಥಿಗಳು 1ರಿಂದ 3, 4ರಿಂದ 9, 10 ಅಥವಾ ಹೆಚ್ಚು ಎಂದು ವಿಂಗಡಿಸುತ್ತಾರೆ. ಸಂಖ್ಯೆ ಏರಿದಂತೆ ರೋಗ ಮರಳುವ ಅಪಾಯವೂ ಏರುತ್ತದೆ. 4 ಅಥವಾ ಹೆಚ್ಚು ಇದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಬೇಕಾಗುತ್ತದೆ.

ಆದರೆ ಈ ಒಂದು ಸಂಖ್ಯೆ ಸಾಲದು. ಒಬ್ಬರಿಗೆ 5 ಗ್ರಂಥಿ ತೆಗೆದು 3ರಲ್ಲಿ ರೋಗ ಸಿಕ್ಕಿತು. ಇನ್ನೊಬ್ಬರಿಗೆ 20 ತೆಗೆದು 3ರಲ್ಲಿ ಸಿಕ್ಕಿತು. ಇಬ್ಬರೂ ಒಂದೇ ಗುಂಪು. ಆದರೆ ಮೊದಲನೆಯವರ ಅನುಪಾತ 0.60, ಎರಡನೆಯವರದು 0.15. ಮೊದಲನೆಯವರಲ್ಲಿ ಪರೀಕ್ಷಿಸದೆ ಉಳಿದ ಗ್ರಂಥಿಗಳಲ್ಲೂ ರೋಗ ಇದ್ದೀತು. ಅದಕ್ಕೇ ಸಂಶೋಧಕರು ಈ ಅನುಪಾತವನ್ನೂ ನೋಡುತ್ತಾರೆ: 0.20ರ ಒಳಗಿದ್ದರೆ ಅಪಾಯ ಕಡಿಮೆ, 0.65 ಮೀರಿದರೆ ಹೆಚ್ಚು. ಸೆಂಟಿನೆಲ್ ವಿಧಾನದಲ್ಲಿ ಬೇಕೆಂದೇ ಕೆಲವೇ ಗ್ರಂಥಿ ತೆಗೆಯುತ್ತಾರೆ. ಅಲ್ಲಿ ಈ ಲೆಕ್ಕ ಅನ್ವಯಿಸದು, ಗಾಬರಿ ಬೇಡ. ಆಪರೇಷನ್‌ಗೆ ಮೊದಲೇ ಕೀಮೊ ಪಡೆದಿದ್ದರೆ ಅದನ್ನೂ ವೈದ್ಯರ ಗಮನಕ್ಕೆ ತನ್ನಿ.

ನಮ್ಮ ಜಿಲ್ಲೆಯವರಿಗೆ ಇದು ಇನ್ನೂ ಮುಖ್ಯ. ಔರಾದ್, ಭಾಲ್ಕಿಯಿಂದ ಬೀದರಿನ ಬ್ರಿಮ್ಸ್‌ಗೆ, ಅಲ್ಲಿಂದ ಹೈದರಾಬಾದಿಗೋ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೋ ಓಡಾಡುತ್ತೇವೆ. ಹೊಸ ಊರಿನ ವೈದ್ಯರು ಆಪರೇಷನ್ ನೋಡಿದವರಲ್ಲ. ಕಾಗದ ನೋಡಿಯೇ ತೀರ್ಮಾನಿಸಬೇಕು. ಡಿಸ್ಚಾರ್ಜ್ ಚೀಟಿ ಸಾಲದು, ಬಯಾಪ್ಸಿಯ ಪೂರ್ತಿ ರಿಪೋರ್ಟ್ ಬೇಕು. ಮೂಲಪ್ರತಿ ಜೋಪಾನವಾಗಿಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ.

ಇನ್ನೊಂದು ಮಾತು ಗಂಡಸರಿಗೆ. ಫೈಲು ನಿಮ್ಮ ಕಪಾಟಿನಲ್ಲಿ, ರೋಗ ಆಕೆಯ ಮೈಯಲ್ಲಿ. "ಹೇಳಿದರೆ ಧೈರ್ಯ ಕಳೆದುಕೊಳ್ಳುತ್ತಾಳೆ" ಎಂದು ಮುಚ್ಚಿಡುವುದು ಪ್ರೀತಿಯಿಂದಲೇ ಇರಬಹುದು. ಆದರೆ ಯಾಕೆಂದು ಗೊತ್ತಿಲ್ಲದಾಗಲೇ ಕೀಮೊ, ರೇಡಿಯೇಷನ್ ಅರ್ಧಕ್ಕೆ ನಿಲ್ಲಿಸುವ ಮನಸ್ಸಾಗುವುದು. ಆ ವರದಿ ಆಕೆಯ ಅಮಾನತ್ತು. ಆಕೆಗೆ ಓದಿ ಹೇಳಿ.

ಈ ಲೆಕ್ಕ ಯಾರ ಆಯುಷ್ಯವನ್ನೂ ಬರೆಯುವುದಿಲ್ಲ. ಅದು ಅಲ್ಲಾಹನ ಕೈಯಲ್ಲಿದೆ. ಗಡ್ಡೆಯ ಗಾತ್ರ, ಗ್ರೇಡ್, ಹಾರ್ಮೋನ್ ಮತ್ತು ಹರ್-2 ಪರೀಕ್ಷೆಗಳನ್ನೂ ಸೇರಿಸಿಯೇ ವೈದ್ಯರು ದಾರಿ ನಿರ್ಧರಿಸುತ್ತಾರೆ. ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಕಂಕುಳಲ್ಲೋ ಸ್ತನದಲ್ಲೋ ನೋವಿಲ್ಲದ ಗಂಟು ಕೈಗೆ ತಾಗಿದರೆ ನಾಚಿಕೆಯಿಂದ ದಿನ ತಳ್ಳಬೇಡಿ. ಮಹಿಳಾ ವೈದ್ಯರನ್ನು ಕೇಳಿ. ಅವರು ಸಿಗದಿದ್ದಾಗ ಪುರುಷ ವೈದ್ಯರು ಪರೀಕ್ಷಿಸಲು ಶರೀಅತ್ ಅಡ್ಡಿಯಲ್ಲ. ದುಆ ಮಾಡಿ, ಜೊತೆಗೆ ಫೈಲನ್ನೂ ಹಿಡಿದು ಹೊರಡಿ.